ಜನಪದಸತ್ಯ ಮತ್ತು ಪರಭಾಷೆಯ ನುಡಿಗಟ್ಟು

ಬಿಡಿಪದಗಳ ಅರ್ಥವನ್ನು ಎಷ್ಟು ಕೂಡಿಸಿದರೂ ಕೈಗೆ ಸಿಗದೆ, ಆ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಕೇಳಿದೊಡನೆ ಹೊಳೆಯುವ ಅರ್ಥವನ್ನು ಹೊತ್ತ ಪದಗಳ ಕಟ್ಟನ್ನು ಕನ್ನಡದಲ್ಲಿ ನುಡಿಗಟ್ಟು ಅಥವಾ ಪಡೆನುಡಿ ಎಂದು ಕರೆಯುವುದು ವಾಡಿಕೆ. ‘ಹೊಟ್ಟೆಗೆ ಹಾಕಿಕೊಳ್ಳು’ ಎಂದರೆ ತಪ್ಪನ್ನು ಮನ್ನಿಸು ಎಂದೂ ‘ಎಳ್ಳುನೀರು ಬಿಡು’ ಎಂದರೆ ಆಸೆಯನ್ನು ಪೂರ್ತಿಯಾಗಿ ತೊರೆ ಎಂದೂ ಕನ್ನಡಿಗರು ತಿಳಿಯುತ್ತಾರೆ. ಅಲ್ಲಿ ಹೊಟ್ಟೆಗಾಗಲಿ ಎಳ್ಳಿಗಾಗಲಿ ಏನೂ ಕೆಲಸವಿರುವುದಿಲ್ಲ. ಇಂಗ್ಲಿಷ್ ಕಲಿಯಲು ಹೊರಟವರು ಅಂಥದೇ ಕಟ್ಟುಗಳನ್ನು ಹೆಜ್ಜೆಹೆಜ್ಜೆಗೂ ಎದುರಿಸುತ್ತಾರೆ. ಜೋರು ಮಳೆಗೆ ಬೆಕ್ಕುನಾಯಿಗಳು ಸುರಿದವೆಂಬ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’, ಗುಟ್ಟು ಬಯಲಾದುದಕ್ಕೆ ಕಾಳು ಚೆಲ್ಲಿತೆಂಬ ‘ಸ್ಪಿಲ್ ದ ಬೀನ್ಸ್’, ಸತ್ತವನ ಬಗ್ಗೆ ಬಕೆಟ್ಟನ್ನು ಒದ್ದನೆಂಬ ‘ಕಿಕ್ ದ ಬಕೆಟ್’ ಇವುಗಳನ್ನು ಅರ್ಥದೊಡನೆ ಬಾಯಿಪಾಠ ಮಾಡುವಾಗ ವಿದ್ಯಾರ್ಥಿಯ ಗಮನವೆಲ್ಲ ಪರೀಕ್ಷೆಯ ಕಡೆಗಿರುವುದರಿಂದ, ಅವುಗಳ ಬೆನ್ನಿಗಿರುವ ತಾತ್ವಿಕ ಪ್ರಶ್ನೆ ಅವನ ಕಣ್ಣಿಗೆ ಬೀಳುವುದಿಲ್ಲ. ನಡೆಯದಿರುವುದನ್ನು ನಡೆದಂತೆ ಹೇಳುವ ಈ ಮಾತು ಸತ್ಯವೋ ಅಸತ್ಯವೋ, ಮತ್ತು ಸತ್ಯವಾದರೆ ಅದು ಯಾರ ಸತ್ಯ ಎಂಬುದೇ ಆ ಪ್ರಶ್ನೆ.

ಸತ್ಯವನ್ನು ವ್ರತವೆಂದು ಬಗೆಯುವ ಯಾವ ಧರ್ಮಕ್ಕೂ ಇದು ಹೊರಗಿನ ಪ್ರಶ್ನೆಯಲ್ಲ. ಜೈನರ ಐದು ವ್ರತಗಳಲ್ಲಿ ಸತ್ಯ ಒಂದು. ಇಸ್ಲಾಮಿನಲ್ಲಿ ಸಿದ್ಕ್, ಅಂದರೆ ಮಾತಿನ ಮತ್ತು ಮನಸ್ಸಿನ ಪ್ರಾಮಾಣಿಕತೆ, ವಿಶ್ವಾಸಿಯ ಲಕ್ಷಣ. ವೈದಿಕ ಪರಂಪರೆಯಲ್ಲಿ ಸತ್ಯವು ಧರ್ಮದ ಮತ್ತೊಂದು ಹೆಸರೇ ಆಗಿದೆ. ಆಡಿದ ಪ್ರತಿಯೊಂದು ಪದವೂ ತನ್ನ ವಸ್ತುವಿಗೆ ನೇರವಾಗಿ ಹೊಂದಿದಾಗಲೇ ಮಾತು ಸತ್ಯವಾಗುವುದಾದರೆ ಮನುಷ್ಯರ ಮುಕ್ಕಾಲು ಮಾತು ವ್ರತಭಂಗವಾದೀತು. ಹಾಗಲ್ಲ, ಜನ ಒಪ್ಪಿದ್ದೆಲ್ಲ ಸತ್ಯ ಎಂದರೆ ಸತ್ಯಕ್ಕೆ ಬೆಲೆಯೇ ಉಳಿಯದು. ಈ ಎರಡು ಅಂಚುಗಳ ನಡುವೆ ದಾರಿ ಹುಡುಕಿದ ಚಿಂತನೆ ಈ ನಾಡಿನಲ್ಲಿಯೇ ಸಾವಿರ ವರ್ಷಗಳಿಂದ ನಡೆದಿದೆ, ಮತ್ತು ಪರಭಾಷೆಯ ನುಡಿಗಟ್ಟನ್ನು ಕಲಿಯುವ ಇಂದಿನ ವಿದ್ಯಾರ್ಥಿಗೂ ಅದು ದಾರಿ ತೋರಬಲ್ಲುದು.

ಉತ್ತರ ಕನ್ನಡದ ಕರಾವಳಿಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಮೊನೆಯಿದೆ. ಭಟ್ಕಳ ಪಟ್ಟಣದ ಮಗ್ಗುಲಿಗಿರುವ ಹೆಬಳೆಯಿಂದ ಹೊನ್ನಾವರ, ಕುಮಟಾಗಳವರೆಗಿನ ಊರುಗಳಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಂದರ ಪಕ್ಕದಲ್ಲೊಂದು ಬದುಕಿವೆ; ಕನ್ನಡದೊಳಗೇ ನಾಮಧಾರಿಗಳ, ಹಾಲಕ್ಕಿಗಳ, ಹವ್ಯಕರ ಮಾತುಗಳಿಗೆ ಬೇರೆ ಬೇರೆ ವರಸೆಗಳಿವೆ; ಕೊಂಕಣಿಯ ಬೇರಿನಿಂದ ಬಂದು ಅರಬಿ, ಪಾರಸಿ ಪದಗಳನ್ನು ಒಡಲಲ್ಲಿಟ್ಟುಕೊಂಡ ನವಾಯತಿಯು ಕಡಲ ವ್ಯಾಪಾರದ ನೆನಪನ್ನು ಇಂದಿಗೂ ಕಾಪಾಡಿದೆ. 1919ರಲ್ಲಿ ಭಟ್ಕಳದಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಆಧುನಿಕ ಶಿಕ್ಷಣವನ್ನೂ 1962ರಲ್ಲಿ ಆರಂಭವಾದ ಜಾಮಿಯಾ ಇಸ್ಲಾಮಿಯಾ ಅರಬಿ ಮತ್ತು ಧಾರ್ಮಿಕ ವಿದ್ಯೆಯನ್ನೂ ಅಲ್ಲಿ ನೆಲೆಗೊಳಿಸಿದವು. ಕೊಲ್ಲಿ ನಾಡುಗಳಿಗೆ ದುಡಿಯಲು ಹೋಗುವವರಿಗೂ ಬೆಂಗಳೂರು, ಮುಂಬಯಿಗಳಿಗೆ ಓದಲು ಹೋಗುವವರಿಗೂ ಇಂಗ್ಲಿಷು ಪುಸ್ತಕದ ಭಾಷೆಯಾಗಿ ಮಾತ್ರ ಸಾಲದೆ ಕಚೇರಿಯ, ಅಂಗಡಿಯ, ಗೆಳೆತನದ ಭಾಷೆಯಾಗಿಯೂ ಬೇಕಾಗಿರುವುದರಿಂದ, ಅದರ ನುಡಿಗಟ್ಟುಗಳನ್ನೂ ಸಲುಗೆಯ ಮಾತುಗಳನ್ನೂ ಕಲಿಯಲೇಬೇಕಾದ ಒತ್ತಡ ಇಲ್ಲಿಯ ಹರೆಯದವರ ಮೇಲಿದೆ.

ಇದೇ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯು ಹಿಂದೆ ಸಂಗೀತಪುರವೆಂದು ಹೆಸರಾಗಿದ್ದ ಜೈನ ಕೇಂದ್ರ. ಅಲ್ಲಿಯ ಗುರುಪೀಠದ ಅಕಲಂಕದೇವರ ಶಿಷ್ಯನಾದ ಭಟ್ಟಾಕಲಂಕದೇವನು 1604ರಲ್ಲಿ ಕನ್ನಡಕ್ಕೆ 592 ಸಂಸ್ಕೃತ ಸೂತ್ರಗಳ ವ್ಯಾಕರಣವನ್ನು, ಅಂದರೆ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ದೇಶಭಾಷೆಯೊಂದು ಶಾಸ್ತ್ರಕ್ಕೆ ತಕ್ಕುದಲ್ಲವೆಂಬ ಆಕ್ಷೇಪವನ್ನು ಎದುರಿಗಿಟ್ಟುಕೊಂಡು, ತತ್ತ್ವಾರ್ಥದಂಥ ಮಹಾಶಾಸ್ತ್ರಕ್ಕೆ ತೊಂಬತ್ತಾರು ಸಾವಿರ ಗ್ರಂಥಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನವೇ ಕನ್ನಡದಲ್ಲಿದೆಯೆಂದು ತೋರಿಸಿ ಆತನು ಆ ಆಕ್ಷೇಪವನ್ನು ಅಲ್ಲಗಳೆದನು. ಜನರ ಬಾಯಲ್ಲಿ ನಡೆಯುವ ಮಾತಿಗೆ ಪ್ರಾಮಾಣ್ಯವುಂಟೇ ಎಂಬುದು ಆತನ ಕಾಲದಲ್ಲಿ ಕನ್ನಡದ ಪ್ರಶ್ನೆಯಾಗಿತ್ತು. ನುಡಿಗಟ್ಟಿನ ವಿಷಯದಲ್ಲಿ ಅದೇ ಪ್ರಶ್ನೆ ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ.

ಸತ್ಯಾಸತ್ಯದ ಚರ್ಚೆಗೆ ಮೊದಲು ನುಡಿಗಟ್ಟು ಅರ್ಥವನ್ನು ಹೇಗೆ ಕೊಡುತ್ತದೆಂಬುದು ತಿಳಿಯಬೇಕು. ಭಾರತೀಯ ಶಾಸ್ತ್ರಕಾರರು ಪದಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಿದರು: ಅವಯವಗಳ ಅರ್ಥ ಕೂಡಿ ಅರ್ಥ ಬರುವುದು ಯೌಗಿಕ, ಅವಯವಗಳನ್ನು ಕಡೆಗಣಿಸಿ ಬರಿಯ ಬಳಕೆಯಿಂದ ಅರ್ಥ ನಿಲ್ಲುವುದು ರೂಢ, ಎರಡೂ ಬೆರೆತದ್ದು ಯೋಗರೂಢ. ಕೆಸರಿನಲ್ಲಿ ಹುಟ್ಟುವುದೆಲ್ಲ ಪಂಕಜವಾಗಬಹುದಾಗಿದ್ದರೂ ತಾವರೆ ಮಾತ್ರ ಆ ಹೆಸರನ್ನು ಪಡೆದುದು ಮೂರನೆಯದಕ್ಕೆ ಪ್ರಸಿದ್ಧ ಉದಾಹರಣೆ. ಈ ವಿಂಗಡಣೆಯನ್ನು ಪದದಿಂದ ಪದಗಳ ಕಟ್ಟಿಗೆ ವಿಸ್ತರಿಸಿದರೆ ‘ಕಿಕ್ ದ ಬಕೆಟ್’ ರೂಢವಾಗುತ್ತದೆ, ಏಕೆಂದರೆ ಒದೆಯುವುದರಲ್ಲಿ ಆಗಲಿ ಬಕೆಟ್ಟಿನಲ್ಲಿ ಆಗಲಿ ಸಾವಿನ ಸುಳಿವು ಇಂದಿನ ಕಿವಿಗೆ ಕೇಳದು. ‘ಸ್ಪಿಲ್ ದ ಬೀನ್ಸ್’ ಯೋಗರೂಢದ ಹತ್ತಿರ ಬರುತ್ತದೆ, ಏಕೆಂದರೆ ಕಾಳನ್ನು ಗುಟ್ಟೆಂದೂ ಚೆಲ್ಲುವುದನ್ನು ಬಯಲುಮಾಡುವುದೆಂದೂ ಬಿಡಿಸಿ ಹೊಂದಿಸಲು ಬರುತ್ತದೆ. ಜೆಫ್ರಿ ನನ್‌ಬರ್ಗ್, ಐವನ್ ಸಾಗ್, ಥಾಮಸ್ ವಾಸೋ ಎಂಬ ಭಾಷಾವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಗ್ಲಿಷ್ ನುಡಿಗಟ್ಟುಗಳನ್ನು ವಿಂಗಡಿಸಿದ್ದು ಬಹುಮಟ್ಟಿಗೆ ಇದೇ ಗೆರೆಯ ಮೇಲೆ ಎಂಬುದು ಗಮನಿಸತಕ್ಕ ವಿಷಯ.

ಪದದ ನೇರ ಅರ್ಥ ಹೊಂದದೆ ಹೋದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ತರುವ ಶಕ್ತಿಯನ್ನು ಲಕ್ಷಣೆ ಎನ್ನುತ್ತಾರೆ. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ ಎಂದರೆ ಹರಿಯುವ ನೀರಿನ ಮೇಲೆ ಹಟ್ಟಿಯಿರಲಾರದಾದ್ದರಿಂದ ದಡದ ಮೇಲೆ ಎಂದು ತಿಳಿಯುವುದು ಅದರ ಹಳೆಯ ಉದಾಹರಣೆ. ಲಕ್ಷಣೆಯಲ್ಲಿ ಎರಡು ಬಗೆ: ಹೊಳೆಯ ತಂಪನ್ನೂ ಪಾವಿತ್ರ್ಯವನ್ನೂ ಸೂಚಿಸಬೇಕೆಂಬ ಉದ್ದೇಶದಿಂದ ಆಡುವುದು ಪ್ರಯೋಜನಲಕ್ಷಣೆ, ಯಾವ ಉದ್ದೇಶವೂ ಇಲ್ಲದೆ ಬಳಕೆಯ ಬಲದಿಂದಲೇ ನಡೆದುಬಂದುದು ರೂಢಿಲಕ್ಷಣೆ. ಕವಿಯ ರೂಪಕವು ಮೊದಲನೆಯದರಲ್ಲಿ ಹುಟ್ಟಿ, ಜನರ ಬಾಯಲ್ಲಿ ಸವೆದು, ಎರಡನೆಯದರಲ್ಲಿ ನೆಲೆಯೂರುತ್ತದೆ. ನುಡಿಗಟ್ಟು ಎಂದರೆ ಹಾಗೆ ನೆಲೆಯೂರಿದ ರೂಪಕ. ಜಡಿಮಳೆಯನ್ನು ಮುಸಲಧಾರೆ ಎನ್ನುವ ಕನ್ನಡಿಗನ ಮನಸ್ಸಿನಲ್ಲಿ ಒನಕೆಗಳು ಬೀಳುವ ಚಿತ್ರ ಈಗ ಮೂಡುವುದಿಲ್ಲ, ಕುಂಭದ್ರೋಣ ಮಳೆ ಎನ್ನುವವನು ಕೊಡವನ್ನಾಗಲಿ ಕೊಳಗವನ್ನಾಗಲಿ ನೆನೆಯುವುದಿಲ್ಲ. ಬೆಕ್ಕುನಾಯಿಗಳ ಮಳೆಯನ್ನು ವಿಚಿತ್ರವೆಂದು ಕಾಣುವ ಕಲಿಯುವವನು ಒನಕೆಗಳ ಮಳೆಯಲ್ಲಿ ತಾನೂ ನೆನೆದು ಬೆಳೆದವನೆಂಬುದನ್ನು ಅರಿತರೆ, ವಿಚಿತ್ರವೆನಿಸುವುದಕ್ಕೆ ಕಾರಣ ಆ ಮಾತಲ್ಲ, ತನಗೂ ಆ ಮಾತಿಗೂ ನಡುವಿನ ದೂರ ಎಂಬುದು ಸ್ಪಷ್ಟವಾಗುತ್ತದೆ.

ಆ ದೂರವನ್ನು ಕಳೆಯುವ ಬಗೆಯನ್ನು ಮೀಮಾಂಸಕರು ಮಗುವಿನ ಕಲಿಕೆಯಲ್ಲಿ ಕಂಡರು. ಹಿರಿಯನೊಬ್ಬನು ಇನ್ನೊಬ್ಬನಿಗೆ ‘ಹಸುವನ್ನು ತಾ’ ಎನ್ನುತ್ತಾನೆ, ಅವನು ತರುತ್ತಾನೆ; ‘ಹಸುವನ್ನು ಕಟ್ಟು’ ಎನ್ನುತ್ತಾನೆ, ಕಟ್ಟುತ್ತಾನೆ; ‘ಕುದುರೆಯನ್ನು ತಾ’ ಎಂದಾಗ ಬೇರೊಂದು ಪ್ರಾಣಿ ಬರುತ್ತದೆ. ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುವ ಮಗು ಯಾವ ಮಾತು ಬದಲಾದಾಗ ಯಾವ ಕೆಲಸ ಬದಲಾಯಿತೆಂದು ಕೂಡಿಸಿ ಕಳೆದು ಅರ್ಥವನ್ನು ಹಿಡಿಯುತ್ತದೆ. ಇದಕ್ಕೆ ವೃದ್ಧವ್ಯವಹಾರ, ಅಂದರೆ ಬಲ್ಲ ಹಿರಿಯರ ನಡೆನುಡಿ, ಎಂದು ಹೆಸರು. ಬಿಡಿಪದಗಳು ತಮ್ಮ ಅರ್ಥವನ್ನು ಹೇಳಿದ ಮೇಲೆ ಅವು ಕೂಡಿಕೊಳ್ಳುತ್ತವೆಂದು ಕುಮಾರಿಲಭಟ್ಟನ ಮತವಾದರೆ, ಪದವು ಇತರ ಪದಗಳೊಡನೆ ಕೂಡಿಕೊಂಡೇ ಅರ್ಥವನ್ನು ಹೇಳುತ್ತದೆಂದು ಪ್ರಭಾಕರನ ಮತ. ‘ವಾಕ್ಯಪದೀಯ’ದ ಭರ್ತೃಹರಿಯಾದರೋ ವಾಕ್ಯವೇ ಒಡೆಯಲಾಗದ ಅರ್ಥದ ಘಟಕವೆಂದೂ ಪದಗಳು ವ್ಯಾಕರಣದ ಅನುಕೂಲಕ್ಕಾಗಿ ಮಾಡಿಕೊಂಡ ವಿಭಾಗಗಳೆಂದೂ ಸಾರಿದನು. ಸಾಮಾನ್ಯ ವಾಕ್ಯಗಳಲ್ಲಿ ಯಾರ ಪಕ್ಷ ಸರಿಯೆಂಬುದು ಇಂದಿಗೂ ವಿವಾದದ ವಿಷಯ. ನುಡಿಗಟ್ಟಿನ ಮಟ್ಟಿಗಂತೂ ಪ್ರಭಾಕರ, ಭರ್ತೃಹರಿಗಳ ಕಡೆಗೇ ತಕ್ಕಡಿ ವಾಲುತ್ತದೆ. ಮಾತಿನ ಅರ್ಥವನ್ನು ಅದರ ಬಳಕೆಯಲ್ಲಿ, ಆ ಬಳಕೆಯನ್ನು ಒಂದು ಜನದ ಬಾಳ್ವೆಯ ಕ್ರಮದಲ್ಲಿ ಹುಡುಕಬೇಕೆಂದು 1953ರಲ್ಲಿ ಪ್ರಕಟವಾದ ತನ್ನ ಕೊನೆಯ ಕಾಲದ ಗ್ರಂಥದಲ್ಲಿ ಲುಡ್‌ವಿಗ್ ವಿಟ್‌ಗೆನ್‌ಸ್ಟೈನ್ ವಾದಿಸಿದುದೂ ಈ ದಿಕ್ಕಿನದೇ.

ಭಟ್ಕಳದ ಅರಬಿ ವಿದ್ಯಾಪರಂಪರೆಯಲ್ಲಿಯೂ ಈ ವಿಚಾರಕ್ಕೆ ಬೇರಿದೆ. ಅರಬಿ ಅಲಂಕಾರಶಾಸ್ತ್ರವು ಪದದ ನೇರ ಬಳಕೆಯನ್ನು ಹಕೀಕತ್ ಎಂದೂ ಗಡಿ ದಾಟಿದ ಬಳಕೆಯನ್ನು ಮಜಾಜ್ ಎಂದೂ ಕರೆಯುತ್ತದೆ. ಒಂದನ್ನು ಹೇಳಿ ಅದರ ಬೆನ್ನಿಗಿರುವ ಇನ್ನೊಂದನ್ನು ತಿಳಿಸುವ ಮಾತಿಗೆ ಕಿನಾಯ ಎಂದು ಹೆಸರು. ಹನ್ನೊಂದನೆಯ ಶತಮಾನದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಕೊಡುವ ಉದಾಹರಣೆ ಬಹಳ ಸೊಗಸಾದುದು: ಉದಾರಿಯಾದ ಗೃಹಸ್ಥನನ್ನು ಅರಬರು ಬೂದಿ ಹೆಚ್ಚಿರುವವನು ಎನ್ನುತ್ತಿದ್ದರು. ಬೂದಿ ಹೆಚ್ಚಿದ್ದರೆ ಒಲೆ ಹೆಚ್ಚು ಉರಿದಿರಬೇಕು, ಒಲೆ ಹೆಚ್ಚು ಉರಿದಿದ್ದರೆ ಅಡುಗೆ ಹೆಚ್ಚು ಆಗಿರಬೇಕು, ಅಡುಗೆ ಹೆಚ್ಚಾಗಿದ್ದರೆ ಅತಿಥಿಗಳು ಹೆಚ್ಚು ಬಂದಿರಬೇಕು. ಒಲೆಯಲ್ಲಿ ಬೆಕ್ಕು ಮಲಗಿದೆ ಎಂದು ಕನ್ನಡದಲ್ಲಿ ಹೇಳಿದಾಗ ಆ ಮನೆಯ ಬಡತನ ತಿಳಿಯುವುದು ಇದೇ ಸರಪಳಿಯನ್ನು ಹಿಡಿದು, ಆದರೆ ಎದುರು ದಿಕ್ಕಿನಲ್ಲಿ ನಡೆದಾಗ. ಮರುಭೂಮಿಯ ಒಲೆಯೂ ಕರಾವಳಿಯ ಒಲೆಯೂ ಬೇರೆಯಾದರೂ ಒಲೆಯಿಂದ ಮನೆಯ ಸ್ಥಿತಿಯನ್ನು ಓದುವ ಮನುಷ್ಯಬುದ್ಧಿ ಒಂದೇ ಆಗಿರುವುದರಿಂದ ಪರರ ನುಡಿಗಟ್ಟು ಕಲಿಯತಕ್ಕದ್ದಾಗಿದೆ. ಒಲೆಗಳು ಬೇರೆಯಾಗಿರುವುದರಿಂದಲೇ ಅದನ್ನು ಊಹಿಸಿದರೆ ಸಾಲದು, ಕಲಿಯಬೇಕಾಗಿದೆ.

ಈ ವಿಚಾರ ಕೇವಲ ಅಲಂಕಾರದ್ದಲ್ಲವೆಂಬುದಕ್ಕೆ ಧರ್ಮಗ್ರಂಥಗಳ ವ್ಯಾಖ್ಯಾನವೇ ಸಾಕ್ಷಿ. ಕುರಾನಿನಲ್ಲಿ ದೇವರ ಕೈ ಎಂದು ಬಂದಾಗ ಅದನ್ನು ಶಕ್ತಿಯೆಂದೋ ಕೃಪೆಯೆಂದೋ ಲಾಕ್ಷಣಿಕವಾಗಿ ತಿಳಿಯಬೇಕೆಂದು ಮುಅತಜಿಲಾ ಪಂಥದವರು ಹೇಳಿದರು. ಇದ್ದಂತೆಯೇ ಒಪ್ಪಬೇಕು, ಆದರೆ ಅದು ಹೇಗಿದೆಯೆಂದು ಕೇಳಬಾರದು ಎಂದು ಅವರ ಎದುರಾಳಿಗಳು ಹೇಳಿದರು. ಜೀವ ಬ್ರಹ್ಮಗಳ ಐಕ್ಯವನ್ನು ಹೇಳುವ ಉಪನಿಷತ್ತಿನ ಮಹಾವಾಕ್ಯಕ್ಕೆ ಅದ್ವೈತಿಗಳು ಲಕ್ಷಣೆಯಿಂದ ಅರ್ಥ ಮಾಡಿದರೆ ಮಧ್ವಾಚಾರ್ಯರು ಪದವನ್ನೇ ಬೇರೆಯಾಗಿ ಬಿಡಿಸಿ ಭೇದವನ್ನು ಸ್ಥಾಪಿಸಿದರು. ಒಂದು ಮಾತನ್ನು ಅಕ್ಷರಶಃ ಹಿಡಿಯಬೇಕೋ ಬಳಕೆಯ ಬೆಳಕಿನಲ್ಲಿ ಹಿಡಿಯಬೇಕೋ ಎಂಬುದರ ಮೇಲೆ ಮೋಕ್ಷದ ಕಲ್ಪನೆಯೇ ನಿಂತಿರುವಾಗ, ನುಡಿಗಟ್ಟನ್ನು ಹಗುರವಾದ ವಿಷಯವೆಂದು ತಳ್ಳಿಬಿಡಲು ಬರುವುದಿಲ್ಲ.

ಸತ್ಯದ ಪ್ರಶ್ನೆಗೆ ಎಲ್ಲಕ್ಕಿಂತ ನೇರವಾದ ಉತ್ತರ ದೊರೆಯುವುದು ಜೈನ ಪರಂಪರೆಯಲ್ಲಿ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಸತ್ಯವಚನವನ್ನು ಹತ್ತು ಬಗೆಯಾಗಿ ಎಣಿಸುತ್ತಾನೆ: ಜನಪದ, ಸಮ್ಮತಿ, ಸ್ಥಾಪನೆ, ನಾಮ, ರೂಪ, ಪ್ರತೀತ್ಯ, ವ್ಯವಹಾರ, ಸಂಭಾವನೆ, ಭಾವ, ಉಪಮೆ. ಇವುಗಳಲ್ಲಿ ಮೊದಲನೆಯದಾದ ಜನಪದಸತ್ಯವೆಂದರೆ ಆಯಾ ನಾಡಿನ ಜನರ ವ್ಯವಹಾರದಲ್ಲಿ ರೂಢವಾದ ಮಾತು ಆ ನಾಡಿನಲ್ಲಿ ಸತ್ಯವೆಂಬ ನಿಲುವು. ಬೇಯಿಸಿದ ಅಕ್ಕಿಯನ್ನು ಒಂದು ದೇಶದವರು ಒಂದು ಹೆಸರಿನಿಂದಲೂ ಇನ್ನೊಂದು ದೇಶದವರು ಇನ್ನೊಂದು ಹೆಸರಿನಿಂದಲೂ ಕರೆಯುವುದನ್ನು ವ್ಯಾಖ್ಯಾನಕಾರರು ಇದಕ್ಕೆ ಉದಾಹರಿಸುತ್ತಾರೆ. ಕರ್ಣಾಟದಲ್ಲಿ ಅದು ಕೂಳು, ದ್ರವಿಡದಲ್ಲಿ ಚೋರು. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನೆಂಬುದನ್ನು ನೆನೆದರೆ, ಜನಪದಸತ್ಯವನ್ನು ಒಪ್ಪಿದ ಪರಂಪರೆಯು ಆ ಸಿದ್ಧಾಂತವನ್ನು ತಾನೇ ಆಚರಿಸಿಯೂ ತೋರಿಸಿತೆಂದು ಹೇಳಬೇಕಾಗುತ್ತದೆ. ವ್ಯವಹಾರಸತ್ಯಕ್ಕೂ ಉದಾಹರಣೆ ಅಡುಗೆಮನೆಯದೇ: ಬೇಯುತ್ತಿರುವುದು ಅಕ್ಕಿ, ಬೆಂದ ಮೇಲಷ್ಟೇ ಅದು ಅನ್ನ, ಆದರೂ ‘ಅನ್ನ ಬೇಯುತ್ತಿದೆ’ ಎನ್ನುವುದನ್ನು ಯಾರೂ ಸುಳ್ಳೆನ್ನುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಜನ ಆಡಿದ್ದೇ ಸತ್ಯವಾದರೆ ಸುಳ್ಳಿಗೆ ಜಾಗವೆಲ್ಲಿ ಎಂದು ಕೇಳಬಹುದು. ಅಮೆರಿಕದ ತತ್ತ್ವಜ್ಞಾನಿ ಡೊನಾಲ್ಡ್ ಡೇವಿಡ್‌ಸನ್ 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೂಪಕಕ್ಕೆ ಪದಗಳ ನೇರ ಅರ್ಥದ ಹೊರತು ಬೇರೆ ಅರ್ಥವಿಲ್ಲವೆಂದೂ ಹಾಗಾಗಿ ಬಹುಪಾಲು ರೂಪಕವಾಕ್ಯಗಳು ಅಸತ್ಯವೇ ಎಂದೂ ವಾದಿಸಿದನು. ಸವೆದು ಸತ್ತ ರೂಪಕದ ವಿಷಯ ಬೇರೆಯೆಂದು ಆತನೂ ಒಪ್ಪಿದನು. ಜನಪದಸತ್ಯದ ವಿಚಾರ ಈ ತೊಡಕನ್ನು ಹೀಗೆ ಬಿಡಿಸುತ್ತದೆ: ಜನದ ಒಪ್ಪಿಗೆಯು ಮಾತಿಗೂ ಅರ್ಥಕ್ಕೂ ನಡುವಿನ ಗಂಟನ್ನು ಸತ್ಯಗೊಳಿಸುತ್ತದೆಯೇ ಹೊರತು ಆ ಮಾತಿನಿಂದ ಹೇಳಿದ ಸಂಗತಿಯನ್ನಲ್ಲ. ಹೆಬಳೆಯಲ್ಲಿ ಜೂನ್ ತಿಂಗಳ ಜಡಿಮಳೆಯ ದಿನ ಬೆಕ್ಕುನಾಯಿಗಳ ಮಳೆಯೆಂದವನು ಸತ್ಯವನ್ನೇ ಆಡಿದನು. ಮಾರ್ಚ್ ತಿಂಗಳ ಬಿರುಬಿಸಿಲಿನ ದಿನ ಅದನ್ನೇ ಆಡಿದವನು ಸುಳ್ಳಾಡಿದನು. ಎರಡು ದಿನವೂ ಬೆಕ್ಕಾಗಲಿ ನಾಯಿಯಾಗಲಿ ಬಿದ್ದಿಲ್ಲವೆಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ವ್ಯಾಖ್ಯಾನಕಾರರ ಅನ್ನದ ಉದಾಹರಣೆಯಲ್ಲಿಯೇ ಕಲಿಯುವವನಿಗೆ ಇನ್ನೊಂದು ಪಾಠವೂ ಇದೆ. ಕೂಳು ಎಂಬುದು ಒಂದು ಕಾಲಕ್ಕೆ ಕನ್ನಡದಲ್ಲಿ ಊಟಕ್ಕೆ ಸಹಜವಾದ ಹೆಸರಾಗಿತ್ತು. ಇಂದು ಅತಿಥಿಗೆ ಕೂಳು ತಿನ್ನಲು ಕರೆದರೆ ಅದು ಅವಮಾನವಾಗುತ್ತದೆ. ಪದವೂ ಅದೇ, ನಾಡೂ ಅದೇ, ವಸ್ತುವೂ ಅದೇ. ಬದಲಾದುದು ಜನರ ಭಾವ. ಆದುದರಿಂದ ಜನಪದಸತ್ಯವು ದೇಶಕ್ಕೆ ಕಟ್ಟುಬಿದ್ದಂತೆ ಕಾಲಕ್ಕೂ ಕೂಟಕ್ಕೂ ಕಟ್ಟುಬಿದ್ದಿದೆ. ಇಂಗ್ಲಿಷಿನ ಸಲುಗೆಯ ಮಾತುಗಳನ್ನು ಕಲಿಯುವವರು ಎಡವುವುದು ಮುಖ್ಯವಾಗಿ ಇಲ್ಲಿ. ಅರ್ಥವನ್ನು ಕೋಶ ಹೇಳುತ್ತದೆ. ಯಾರು ಯಾರೊಡನೆ, ಯಾವ ಹೊತ್ತಿನಲ್ಲಿ ಆಡಬೇಕೆಂಬುದನ್ನು ಅದು ಪೂರ್ತಿಯಾಗಿ ಹೇಳಲಾರದು. ‘ಕಿಕ್ ದ ಬಕೆಟ್’ ಎಂಬುದಕ್ಕೆ ಸಾಯು ಎಂಬ ಅರ್ಥವನ್ನು ಪಾಠ ಮಾಡಿದವನು ಸಂತಾಪದ ಪತ್ರದಲ್ಲಿ ಅದನ್ನು ಬರೆದರೆ, ವ್ಯಾಕರಣ ಸರಿಯಾಗಿದ್ದರೂ ಸತ್ತವರಿಗೆ ಅಗೌರವವಾಗುತ್ತದೆ. ತೀರಿಹೋದರು, ಶಿವನ ಪಾದ ಸೇರಿದರು, ಗೊಟಕ್ ಎಂದ ಎಂಬ ಮೂರು ಮಾತುಗಳ ನಡುವಿನ ಅಂತರವನ್ನು ಬಲ್ಲ ಕನ್ನಡಿಗನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು. ಹಿರಿಯರಿಗೆ ಬಹುವಚನವನ್ನೂ ಸರೀಕರಿಗೆ ‘ಮಾರಾಯಾ’ ಎಂಬ ಸಲುಗೆಯನ್ನೂ ತಪ್ಪದೆ ಹಂಚುವ ಕರಾವಳಿಯ ಮಕ್ಕಳಲ್ಲಿ ಈ ವಿವೇಕ ಮೊದಲೇ ಇದೆ.

ಜನಪದಸತ್ಯವನ್ನು ಒಪ್ಪಿದ ಮೇಲೆ ಭಾರತದ ಇಂಗ್ಲಿಷನ್ನೂ ಅದೇ ನ್ಯಾಯದಿಂದ ನೋಡಬೇಕಾಗುತ್ತದೆ. ಊರಲ್ಲಿಲ್ಲ ಎಂಬುದಕ್ಕೆ ‘ಔಟ್ ಆಫ್ ಸ್ಟೇಷನ್’, ಸಭೆಯನ್ನು ಹಿಂದಿನ ದಿನಕ್ಕೆ ಎಳೆದುಕೊಳ್ಳುವುದಕ್ಕೆ ‘ಪ್ರಿಪೋನ್’, ಪದವಿ ಮುಗಿಸುವುದಕ್ಕೆ ‘ಪಾಸ್ ಔಟ್’ ಎನ್ನುವುದು ಈ ದೇಶದಲ್ಲಿ ಎಲ್ಲರಿಗೂ ತಿಳಿಯುವ ಮಾತು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಕೊನೆಯದು ಮೂರ್ಛೆ ಹೋಗುವುದನ್ನು ಸೂಚಿಸುವುದರಿಂದ, ತಾನು ಕಾಲೇಜಿನಿಂದ ಪಾಸ್ ಔಟ್ ಆದೆನೆಂದು ಅಲ್ಲಿ ಹೇಳಿದವನು ಕೇಳುವವರನ್ನು ಗೊಂದಲಕ್ಕೆ ಕೆಡವುತ್ತಾನೆ. ಇದನ್ನು ಕೆಟ್ಟ ಇಂಗ್ಲಿಷೆಂದು ನಾಚುವುದೂ ಸರಿಯಲ್ಲ, ಎಲ್ಲೆಡೆಯೂ ನಡೆಯುತ್ತದೆಂದು ಹಟ ಹಿಡಿಯುವುದೂ ಸರಿಯಲ್ಲ. ಕೂಳು ದ್ರವಿಡದಲ್ಲಿ ಚೋರು ಆಗುವಂತೆ ಒಂದು ಜನಪದದ ಸತ್ಯವು ಗಡಿ ದಾಟಿದಾಗ ಹೆಸರು ಬದಲಿಸಿಕೊಳ್ಳಬೇಕಾಗುತ್ತದೆ ಎಂದಷ್ಟೇ ತಿಳಿಯಬೇಕು.

ನುಡಿಗಟ್ಟುಗಳಲ್ಲಿ ಎಷ್ಟೋ ಸಲ ಒಂದು ಜನದ ದೇವರುಗಳೂ ಮಲಗಿರುತ್ತಾರೆ. ದೇವರು ನಿನ್ನೊಡನಿರಲಿ ಎಂಬ ಹಾರೈಕೆ ಸವೆದು ಸವೆದು ‘ಗುಡ್‌ಬೈ’ ಆಯಿತು. ಯಹೂದ್ಯರ ಪ್ರಾಯಶ್ಚಿತ್ತದ ದಿನ ಜನರ ಪಾಪವನ್ನು ಹೊರಿಸಿ ಕಾಡಿಗಟ್ಟುತ್ತಿದ್ದ ಆಡಿಗೆ 1530ರ ತನ್ನ ಬೈಬಲ್ ಅನುವಾದದಲ್ಲಿ ವಿಲಿಯಂ ಟಿಂಡೇಲ್ ಕಟ್ಟಿದ ‘ಸ್ಕೇಪ್‌ಗೋಟ್’ ಎಂಬ ಹೆಸರು ಇಂದು ಪರರ ತಪ್ಪಿಗೆ ದಂಡ ತೆರುವ ಯಾರಿಗಾದರೂ ಸಲ್ಲುತ್ತದೆ. ಗೋಡೆಯ ಮೇಲಿನ ಬರಹವೆಂಬುದು ದಾನಿಯೇಲನ ಗ್ರಂಥದ್ದು. ಹೊಣೆಯಿಂದ ಕೈ ತೊಳೆದುಕೊಳ್ಳುವುದು ಯೇಸುವಿನ ವಿಚಾರಣೆ ನಡೆಸಿದ ಪಿಲಾತನ ಕಥೆಯದು. ಕನ್ನಡದ ಭಗೀರಥಪ್ರಯತ್ನ, ತ್ರಿಶಂಕುಸ್ವರ್ಗ, ಅಳಿಲುಸೇವೆಗಳು ಹಾಗೆಯೇ ಪುರಾಣಗಳಿಂದ ಇಳಿದುಬಂದವು. ಬೀಳ್ಕೊಡುವ ಹೊತ್ತಿನಲ್ಲಿ ಉರ್ದುವಿನವರು ದೇವರ ಕಾಪು ನಿಮಗಿರಲಿ ಎಂಬರ್ಥದ ‘ಖುದಾ ಹಾಫಿಜ್’ ಎನ್ನುತ್ತಾರೆ. ಉಪಕಾರ ಪಡೆದ ಕೊಂಕಣಿಗರು ದೇವರು ಒಳ್ಳೆಯದು ಮಾಡಲಿ ಎಂದು ಹರಸುತ್ತಾರೆ. ಕನ್ನಡದವರು ಹೋಗುತ್ತೇನೆ ಎನ್ನಲು ಅಂಜಿ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ.

ಹೀಗಿರುವಾಗ ಅನ್ಯಧರ್ಮದ ಹಾರೈಕೆಯನ್ನು ಬಾಯಲ್ಲಿ ಹೊತ್ತವನು ಆ ಧರ್ಮವನ್ನು ಒಪ್ಪಿದಂತಾಯಿತೇ, ದೇವರನ್ನೇ ನಂಬದವನ ‘ಗುಡ್‌ಬೈ’ ಸುಳ್ಳು ಪ್ರಾರ್ಥನೆಯೇ ಎಂಬ ಶಂಕೆ ಏಳಬಹುದು. ಹತ್ತು ಸತ್ಯಗಳಲ್ಲಿ ಒಂದಾದ ನಾಮಸತ್ಯ ಇದಕ್ಕೆ ಸಮಾಧಾನ ಹೇಳುತ್ತದೆ. ಜಿನದತ್ತನೆಂಬ ಹೆಸರಿನವನನ್ನು ಜಿನನು ಕೊಟ್ಟಿರುವುದಿಲ್ಲ, ಆದರೂ ಅವನನ್ನು ಆ ಹೆಸರಿನಿಂದ ಕರೆಯುವುದು ಸತ್ಯವೇ, ಏಕೆಂದರೆ ಹೆಸರಿನ ಕೆಲಸ ಗುರುತಿಸುವುದು. ಬೀಳ್ಕೊಡುವ ಮಾತಿನ ಕೆಲಸವೂ ಪ್ರೀತಿಯಿಂದ ಬೀಳ್ಕೊಡುವುದು. ಅದರ ಹುಟ್ಟಿನ ಚರಿತ್ರೆ ಆಡುವವನ ಮೇಲೆ ನಂಬಿಕೆಯ ಹೊರೆಯನ್ನು ಹೊರಿಸುವುದಿಲ್ಲ. ಹಾಗೆಂದು ಆ ಚರಿತ್ರೆಯನ್ನು ಅರಿಯುವುದು ವ್ಯರ್ಥವೂ ಅಲ್ಲ. ನಾಲ್ಕು ಭಾಷೆಗಳ ಜನ ನಾಲ್ಕು ಮಾತುಗಳಲ್ಲಿ ಅಗಲಿಕೆಯ ಅದೇ ಅಂಜಿಕೆಯನ್ನು, ಕ್ಷೇಮದ ಅದೇ ಬಯಕೆಯನ್ನು ಹೇಳಿಕೊಂಡಿದ್ದಾರೆಂಬ ತಿಳಿವಳಿಕೆಯು ಧರ್ಮಗಳ ನಡುವೆ ಉಪದೇಶದಿಂದ ಹುಟ್ಟಲಾರದ ಗೌರವವನ್ನು ಹುಟ್ಟಿಸಬಲ್ಲುದು.

ಸತ್ಯದ ವಿಚಾರ ಇಲ್ಲಿಗೇ ಮುಗಿಯುವುದಿಲ್ಲ. ‘ತತ್ತ್ವಾರ್ಥಸೂತ್ರ’ವು ಪ್ರಮಾದದಿಂದ ಅಸತ್ತನ್ನು ನುಡಿಯುವುದೇ ಅನೃತವೆಂದು ಲಕ್ಷಣ ಮಾಡಿದಾಗ, ಅಸತ್ತೆಂದರೆ ಒಳ್ಳೆಯದಲ್ಲದ್ದು, ಪ್ರಾಣಿಗಳಿಗೆ ನೋವು ಕೊಡುವ ಮಾತು ಇದ್ದ ಸಂಗತಿಯದಾದರೂ ಅನೃತವೇ ಎಂದು ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ವಿವರಿಸಿದರು. ಈ ಒರೆಗೆ ಹಚ್ಚಿದರೆ, ಒಂದು ಜಾತಿಯನ್ನೋ ಹೆಣ್ಣನ್ನೋ ಅಂಗವಿಕಲರನ್ನೋ ಹೀಯಾಳಿಸುವ ನುಡಿಗಟ್ಟು ಎಷ್ಟೇ ರೂಢವಾಗಿದ್ದರೂ ಸತ್ಯದ ಪಂಕ್ತಿಯಲ್ಲಿ ಕೂರಲಾರದು. ರೂಢಿಯು ಅರ್ಥಕ್ಕೆ ಪ್ರಮಾಣವೇ ಹೊರತು ನೀತಿಗೆ ಪ್ರಮಾಣವಲ್ಲ. ಒಂದೇ ಕಲ್ಲಿನಿಂದ ಎರಡು ಹಕ್ಕಿಗಳನ್ನು ಕೊಲ್ಲುವುದೆಂಬ ಇಂಗ್ಲಿಷ್ ನುಡಿಗಟ್ಟು ಕನ್ನಡಕ್ಕೂ ಬಂದಿದೆ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರು ಅದನ್ನು ಆಡಬಹುದೇ? ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟುದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು, ಆದರೂ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು, ಏಕೆಂದರೆ ಅಲ್ಲಿ ಕೊಲ್ಲುವ ಸಂಕಲ್ಪವಿತ್ತು. ನುಡಿಗಟ್ಟಿನ ಹಕ್ಕಿಗೂ ಹಿಟ್ಟಿನ ಕೋಳಿಗೂ ಇರುವ ಅಂತರ ಈ ಸಂಕಲ್ಪವೇ. ಒಂದು ಕೆಲಸದಲ್ಲಿ ಎರಡು ಲಾಭವೆಂದಷ್ಟೇ ನೆನೆದು ಆಡುವವನ ಮನಸ್ಸಿನಲ್ಲಿ ಹಕ್ಕಿಯೂ ಇಲ್ಲ, ಕಲ್ಲೂ ಇಲ್ಲ. ಚಿತ್ರ ನಿದ್ರಿಸಿರುವುದರಿಂದ ಹಿಂಸೆಯೂ ನಿದ್ರಿಸಿದೆ.

ಆದರೆ ಹೊಸದಾಗಿ ಕಲಿಯುವವನಲ್ಲಿ ಆ ಚಿತ್ರ ನಿದ್ರಿಸಿರುವುದಿಲ್ಲ. ಅವನು ಹಕ್ಕಿಯನ್ನೂ ಕಲ್ಲನ್ನೂ ಕಾಣುತ್ತಾನೆ, ಕಂಡು ಒಂದು ಕ್ಷಣ ತಡೆಯುತ್ತಾನೆ. ಈ ತಡೆಯನ್ನು ಭಾಷೆ ಬಾರದವನ ಕೊರತೆಯೆಂದು ಎಣಿಸುವುದು ರೂಢಿ; ತಾತ್ವಿಕವಾಗಿ ನೋಡಿದರೆ ಅದೊಂದು ಸಂಪತ್ತು. ಭಾಷೆಯಲ್ಲಿ ಹುಟ್ಟಿದವನ ಮಾತಿನಲ್ಲಿ ಮರೆವು ಸೇರಿಕೊಂಡಿರುತ್ತದೆ, ಕಲಿಯುವವನ ಮಾತಿನಲ್ಲಿ ಎಚ್ಚರವಿರುತ್ತದೆ, ಮತ್ತು ಸೂತ್ರಕಾರರು ಅನೃತಕ್ಕೆ ಕಾರಣವೆಂದ ಪ್ರಮಾದ, ಅಂದರೆ ಎಚ್ಚರಗೇಡಿತನ, ಈ ಎಚ್ಚರದ ಎದುರಿಗೇ ನಿಲ್ಲುವ ದೋಷ. ರಂಗಕ್ಕೆ ಹೊರಟ ನಟನಿಗೆ ಕಾಲು ಮುರಿಯಲಿ ಎಂಬರ್ಥದ ‘ಬ್ರೇಕ್ ಎ ಲೆಗ್’ ಎಂದು ಇಂಗ್ಲಿಷಿನವರು ಶುಭ ಹಾರೈಸುವುದನ್ನು ಕೇಳಿದ ಹೊನ್ನಾವರದ ಯಕ್ಷಗಾನಪ್ರೇಮಿಯು, ಚೌಕಿಯಿಂದ ಏಳುವ ಕಲಾವಿದನಿಗೆ ಹಾಗೆನ್ನುವುದನ್ನು ನೆನೆದೇ ಹೌಹಾರಿಯಾನು. ಅವನೇ ಮನೆಯಲ್ಲಿ ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುತ್ತಾನೆ. ಅಲ್ಲಿ ಕೇಡಿನ ಮಾತಿನಿಂದ ಒಳಿತನ್ನು ಬಯಸುತ್ತಾರೆ, ಇಲ್ಲಿ ಒಳಿತಿನ ಮಾತಿನಿಂದ ಕೇಡನ್ನು ಮರೆಸುತ್ತಾರೆ. ಆಡಿದ ಮಾತಿಗೆ ಫಲ ಕೊಡುವ ಬಲವಿದೆಯೆಂಬ ಹಳೆಯ ನಂಬಿಕೆಯ ನೆರಳು ಎರಡರ ಹಿಂದೆಯೂ ಇದೆ. ಪರರ ನುಡಿಗಟ್ಟು ಕಲಿಯುವವನಿಗೆ ತನ್ನ ನುಡಿಗಟ್ಟು ಮತ್ತೆ ಕಾಣಿಸತೊಡಗುವುದು ಹೀಗೆ.

ಒಂದು ಜನಪದದ ಸತ್ಯ ಇನ್ನೊಂದಕ್ಕೆ ದಾಟುವುದೂ ಉಂಟು. ‘ಬೆಳಕು ಚೆಲ್ಲು’, ‘ಹಸಿರು ನಿಶಾನೆ ತೋರು’, ‘ಶೀತಲಸಮರ’ ಎಂಬಂಥವು ಇಂಗ್ಲಿಷಿನಿಂದ ಪತ್ರಿಕೆಗಳ ಮೂಲಕ ಬಂದು ಇಂದು ಕನ್ನಡದವೇ ಆಗಿವೆ. ಬಂದವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂಬುದನ್ನು ಜನರ ಸಮ್ಮತಿಯೇ ತೀರ್ಮಾನಿಸುತ್ತದೆ. ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳೊಡನೆ ಗಾದೆಗಳಿಗೂ ಬಳಕೆಗಳಿಗೂ ಜಾಗ ಕೊಟ್ಟುದು, ಪರದೇಶದಿಂದ ಬಂದ ಒಬ್ಬ ಪಾದ್ರಿ ಇನ್ನೊಂದು ಜನಪದದ ಸತ್ಯಕ್ಕೆ ಸಲ್ಲಿಸಿದ ಗೌರವ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತ ಪದಗಳ ಹುಟ್ಟನ್ನೂ ಬಳಕೆಯನ್ನೂ ವರ್ಷಗಟ್ಟಲೆ ಬಿಡಿಸಿಟ್ಟುದು ಅದೇ ಗೌರವವನ್ನು ಕನ್ನಡಿಗರು ತಮ್ಮ ಭಾಷೆಗೆ ತಾವೇ ಸಲ್ಲಿಸಿಕೊಂಡ ಬಗೆ.

ಇಂಥ ಗೌರವ ಇಂದು ಒಂದೇ ಕಡೆಗೆ ಹರಿಯುತ್ತಿರುವುದು ನೋವಿನ ಸಂಗತಿ. ದೂರದ ದೇಶವೊಂದರ ಆಡುಮಾತನ್ನು ಹಣ ಕೊಟ್ಟು, ಕಷ್ಟಪಟ್ಟು ಕಲಿಯುವ ಮಗುವಿಗೆ ತನ್ನ ಅಜ್ಜಿಯ ಹಾಲಕ್ಕಿ ಮಾತು, ನೆರೆಮನೆಯ ನವಾಯತಿ, ಸಂತೆಯ ಕೊಂಕಣಿ ಕೀಳೆಂದು ತೋರುವಂತೆ ಶಾಲೆಯೂ ಸಮಾಜವೂ ನಡೆದುಕೊಂಡರೆ, ಆ ಮಗು ಕಲಿತದ್ದು ನುಡಿಗಟ್ಟನ್ನಲ್ಲ, ಮೇಲುಕೀಳಿನ ಲೆಕ್ಕವನ್ನು. ಜನಪದಸತ್ಯದಲ್ಲಿ ದೊಡ್ಡ ಜನಪದ, ಚಿಕ್ಕ ಜನಪದ ಎಂಬ ಭೇದವಿಲ್ಲ. ಲಂಡನ್ನಿನ ಮಾತು ಲಂಡನ್ನಿನಲ್ಲಿ ಹೇಗೆ ಸತ್ಯವೋ ಹೆಬಳೆಯ ಮಾತು ಹೆಬಳೆಯಲ್ಲಿ ಹಾಗೆಯೇ ಸತ್ಯ. ಹಾಡುವಳ್ಳಿಯ ಪರಂಪರೆಯ ವ್ಯಾಕರಣಕಾರನು ಸಂಸ್ಕೃತದ ಎದುರು ಕನ್ನಡದ ಪರವಾಗಿ ಎತ್ತಿದ ವಾದವನ್ನು ಇಂದು ಕನ್ನಡವೂ ತನ್ನ ಒಳನುಡಿಗಳ ಪರವಾಗಿ, ನೆರೆನುಡಿಗಳ ಪರವಾಗಿ ಎತ್ತಬೇಕಾಗಿದೆ.

ಆದುದರಿಂದ ಪರಭಾಷೆಯ ನುಡಿಗಟ್ಟನ್ನು ಕಲಿಯುವುದು ಮಾತಿಗೆ ಒಡವೆ ತೊಡಿಸುವ ಕೆಲಸವಲ್ಲ. ಇನ್ನೊಂದು ಜನ ಯಾವುದನ್ನು ಯಾವ ಹೆಸರಿನಿಂದ ನಂಬಿಕೊಂಡು ಬಾಳಿದೆಯೋ ಆ ನಂಬಿಕೆಯೊಳಕ್ಕೆ ವಿನಯದಿಂದ ಕಾಲಿಡುವ ಕೆಲಸ ಅದು. ಪಟ್ಟಿಯಿಂದ ಕಲಿತವನಿಗೆ ಅರ್ಥ ದೊರೆತೀತು. ವೃದ್ಧವ್ಯವಹಾರದಿಂದ, ಅಂದರೆ ಕೇಳಿ, ನೋಡಿ, ತಪ್ಪಿ, ತಿದ್ದಿಕೊಂಡು ಕಲಿತವನಿಗೆ ಮಾತ್ರ ಅದರ ಸತ್ಯ ದೊರೆಯುತ್ತದೆ. ಬೆಂದ ಅಕ್ಕಿಯ ಪಾತ್ರೆಯ ಮುಂದೆ ಕುಳಿತ ಪರಸ್ಥಳದವನಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ ಹಸಿವು ಗೊತ್ತಿರುತ್ತದೆ. ತನ್ನ ಊರಿನ ಹೆಸರೇ ಸರಿಯೆಂದು ವಾದಿಸದೆ, ತನ್ನ ಊರಿನ ಹೆಸರಿಗಾಗಿ ನಾಚದೆ, ‘ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆ?’ ಎಂದು ಅವನು ಬಡಿಸುವವರನ್ನು ಕೇಳಿದಾಗ ಸತ್ಯವ್ರತದ ಒಂದು ಪಾಲನ್ನು ಅವನು ಆಚರಿಸಿದಂತಾಗುತ್ತದೆ.